ಹುಬ್ಬಳ್ಳಿಗೂ ಒಂದೂಕಾಲು ಗಂಟೆ, ಶಿವಮೊಗ್ಗಕ್ಕೂ ಒಂದೂಕಾಲು ಗಂಟೆ

ವಿಮಾನದ ವಿಷಯದಲ್ಲಿ ಬರುವ ಪತ್ರಗಳನ್ನು ತೆರೆದರೆ ಅರ್ಧಕ್ಕರ್ಧ ಒಂದೇ ತಕರಾರು. ‘ದೂರ ಇಷ್ಟೇ ಇದೆ, ಟೈಮ್ ಯಾಕೆ ಅಷ್ಟೊಂದು?’ ಈ ಸಲ ಅಂಥವನ್ನೇ ಆರಿಸಿಕೊಂಡಿದ್ದೇನೆ. ಹೊಸಬರಿಗೆ ಒಂದು ಮಾತು: ನಾನು ಪೈಲಟ್ ಅಲ್ಲ. ಏರ್ ಟ್ರಾಫಿಕ್ ಕಂಟ್ರೋಲ್‌ನಲ್ಲಿ, ಟವರ್ ಮೇಲೆ ಕೂತು ವಿಮಾನಗಳಿಗೆ ದಾರಿ ಬಿಡುವ ಕೆಲಸ ಮಾಡಿ ನಿವೃತ್ತಳಾದವಳು. ಹಾಗಾಗಿ ನನ್ನ ಉತ್ತರಗಳಲ್ಲಿ ಮೋಡಕ್ಕಿಂತ ರನ್‌ವೇನೇ ಜಾಸ್ತಿ ಇರುತ್ತದೆ. ಸಹಿಸಿಕೊಳ್ಳಿ.

ಬೆಂಗಳೂರಿಂದ ಹುಬ್ಬಳ್ಳಿಗೆ ಆಕಾಶದಲ್ಲಿ 370 ಕಿ.ಮೀ. ಅಂತೆ. ಶಿವಮೊಗ್ಗಕ್ಕೆ 240 ಕೂಡ ಆಗಲ್ಲ. ಆದರೆ ಟಿಕೆಟ್ ನೋಡಿದರೆ ಎರಡಕ್ಕೂ ಒಂದೂಕಾಲು ಗಂಟೆಯ ಆಸುಪಾಸು. ಮಧ್ಯದ 130 ಕಿ.ಮೀ. ಎಲ್ಲಿ ಹೋಯ್ತು ಮೇಡಂ? ನಮ್ಮೂರಿಗೆ ಮಾತ್ರ ನಿಧಾನಕ್ಕೆ ಬರ್ತಾರಾ?
— ಕಾಲೇಜು ಉಪನ್ಯಾಸಕರು, ಶಿವಮೊಗ್ಗ

ನಿಧಾನಕ್ಕೆ ಬರಲ್ಲ ಸಾರ್. ಆದರೆ ಟಿಕೆಟ್‌ನಲ್ಲಿ ಇರುವುದು ಹಾರುವ ಸಮಯ ಅಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ನಿಂತ ವಿಮಾನದ ಚಕ್ರಕ್ಕೆ ಮುಂದೆ ಹಿಂದೆ ಅಡ್ಡ ತುಂಡುಗಳನ್ನು ಇಟ್ಟಿರುತ್ತಾರೆ. ಚೋಕ್ಸ್ ಅನ್ನುತ್ತೇವೆ. ಬೆಂಗಳೂರಿನಲ್ಲಿ ಆ ಚೋಕ್ಸ್ ತೆಗೆದ ನಿಮಿಷದಿಂದ ಶಿವಮೊಗ್ಗದಲ್ಲಿ ಮತ್ತೆ ಇಡುವ ನಿಮಿಷದವರೆಗಿನ ಲೆಕ್ಕ ನಿಮ್ಮ ಟಿಕೆಟ್‌ನಲ್ಲಿರುವುದು. ನಮ್ಮಲ್ಲಿ ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ಟವರ್‌ನಲ್ಲಿ ಪ್ರತಿ ವಿಮಾನಕ್ಕೂ ಒಂದು ಉದ್ದನೆಯ ಕಾಗದದ ಪಟ್ಟಿ ಇರುತ್ತಿತ್ತು. ಅದನ್ನು ಪ್ಲಾಸ್ಟಿಕ್ ಹಿಡಿಯೊಳಗೆ ಸಿಕ್ಕಿಸಿ ಮುಂದೆ ಜೋಡಿಸಿಕೊಳ್ಳುತ್ತಿದ್ದೆವು. ಎಂಜಿನ್ ಶುರು ಮಾಡಲು ಅನುಮತಿ ಕೊಟ್ಟ ಸಮಯ, ನೆಲ ಬಿಟ್ಟ ಸಮಯ, ಇಳಿದ ಸಮಯ, ಎಲ್ಲ ಅದರ ಮೇಲೇ ಬರೆಯಬೇಕು. ಗಡಿಯಾರವೂ ನಮ್ಮದಲ್ಲ, ಅಂತರರಾಷ್ಟ್ರೀಯ ಸಮಯದ್ದು. ನಿಮಗೆ ಬೆಳಿಗ್ಗೆ 9.50 ಆಗಿದ್ದರೆ ನಮ್ಮ ಪಟ್ಟಿಯಲ್ಲಿ 0420. ಈ ಪಟ್ಟಿಗಳನ್ನು ನೋಡುತ್ತಾ ಕೂತವರಿಗೆ ಗೊತ್ತಾಗುವ ಸತ್ಯ ಒಂದೇ: ಹತ್ತಿರದ ಊರುಗಳ ವಿಮಾನಕ್ಕೆ ಸಮಯ ಖರ್ಚಾಗುವುದು ಮಧ್ಯದಲ್ಲಿ ಅಲ್ಲ, ಎರಡು ತುದಿಯಲ್ಲಿ.

ಬೆಂಗಳೂರಿನಲ್ಲಿ ನಿಂತ ಜಾಗದಿಂದ ರನ್‌ವೇ ತುದಿಗೆ ಹೋಗಲು ಹತ್ತು ಹದಿನೈದು ನಿಮಿಷ ಬೇಕು. ಎದುರಿಗೆ ಸಾಲು ಇದ್ದರೆ ಇನ್ನೂ ಜಾಸ್ತಿ. ಶಿವಮೊಗ್ಗದಂಥ ಕಡೆ ಇಳಿದ ಮೇಲೆ ನಾಲ್ಕೈದು ನಿಮಿಷ ಸಾಕು. ಇವೆರಡೂ ನೆಲದ ಮೇಲಿನ ಸಮಯ. ಹುಬ್ಬಳ್ಳಿಗಾದರೂ ಇಷ್ಟೇ, ಶಿವಮೊಗ್ಗಕ್ಕಾದರೂ ಇಷ್ಟೇ.

ಈಗ ಆಕಾಶಕ್ಕೆ ಬನ್ನಿ. ಈ ದಾರಿಗಳಲ್ಲಿ ಸಾಮಾನ್ಯವಾಗಿ ಓಡುವುದು ಎಟಿಆರ್-72. ಎರಡು ಫ್ಯಾನು ಹೊರಗೇ ಕಾಣುವ, ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ. ಸಮತಟ್ಟಾಗಿ ಹಾರುವಾಗ ಇದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆದರೆ ಏರುವಾಗ ಅಷ್ಟು ಇರಲ್ಲ, 300ರಿಂದ 350ರ ಮಧ್ಯೆ. ಹದಿನೈದು ಹದಿನಾರು ಸಾವಿರ ಅಡಿಗೆ ಏರುವಷ್ಟರಲ್ಲಿ ಹತ್ತು ಹದಿನೈದು ನಿಮಿಷ, 60-70 ಕಿ.ಮೀ. ಕಳೆದಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳದ್ದು ಒಂದು ಬಾಯಿಲೆಕ್ಕ ಇದೆ. ಪ್ರತಿ ಸಾವಿರ ಅಡಿ ಇಳಿಯಲು 3 ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿ.ಮೀ. ಬೇಕು. ಹನ್ನೆರಡು ಹದಿಮೂರು ಸಾವಿರ ಅಡಿ ಇಳಿಯಬೇಕಾದರೆ ಊರು ಇನ್ನೂ 65-70 ಕಿ.ಮೀ. ದೂರ ಇರುವಾಗಲೇ ಮೂತಿ ಕೆಳಗೆ ಮಾಡಬೇಕು. ಕೂಡಿ ನೋಡಿ. ಶಿವಮೊಗ್ಗದ 240ರಲ್ಲಿ ಏರಲು 70, ಇಳಿಯಲು 70. ಪೂರ್ತಿ ವೇಗದಲ್ಲಿ ಓಡಲು ಉಳಿದದ್ದು ಬರೀ ನೂರು ಕಿ.ಮೀ. ಹನ್ನೆರಡು ನಿಮಿಷದ ದಾರಿ!

ಹುಬ್ಬಳ್ಳಿಯ ಹೆಚ್ಚುವರಿ 130 ಕಿ.ಮೀ. ಪೂರ್ತಿ ಈ ವೇಗದ ಭಾಗದಲ್ಲೇ ಬರುತ್ತದೆ. ಅದಕ್ಕೆ ಬೇಕಾಗುವುದು ಹದಿನೈದು ಹದಿನಾರು ನಿಮಿಷ ಮಾತ್ರ. ಆ ವ್ಯತ್ಯಾಸವೂ ಟಿಕೆಟ್‌ನಲ್ಲಿ ಕಾಣುತ್ತಿಲ್ಲವಲ್ಲ ಅಂತೀರಾ? ಅದಕ್ಕೆ ಕಾರಣ ಕಂಪನಿಗಳ ಜಾಣತನ. ನಿಗದಿತ ಸಮಯಕ್ಕಿಂತ 15 ನಿಮಿಷದೊಳಗೆ ಬಂದರೆ ಆ ವಿಮಾನ ‘ಸಮಯಕ್ಕೆ ಸರಿಯಾಗಿ ಬಂದಿದೆ’ ಅಂತ ಲೆಕ್ಕ. ಈ ಅಂಕಿಗಳು ಪ್ರಕಟವಾಗುತ್ತವೆ, ಜಾಹೀರಾತಿನಲ್ಲೂ ಬರುತ್ತವೆ. ಹಾಗಾಗಿ ಬೆಂಗಳೂರಿನ ಸಾಲು, ಮೋಡ, ಹಿಂದಿನ ಸುತ್ತಿನ ತಡ ಎಲ್ಲಕ್ಕೂ ಸೇರಿಸಿ ಸ್ವಲ್ಪ ಸಡಿಲವಾಗಿಯೇ ಸಮಯ ಬರೆಯುತ್ತಾರೆ. ‘ಹತ್ತು ನಿಮಿಷ ಮುಂಚೆಯೇ ತಲುಪಿದ್ದೇವೆ’ ಅಂತ ಗಗನಸಖಿ ಹೇಳಿದಾಗ ಚಪ್ಪಾಳೆ ತಟ್ಟಬೇಡಿ. ಆ ಹತ್ತು ನಿಮಿಷವನ್ನು ಟಿಕೆಟ್ ಮಾಡುವಾಗಲೇ ನಿಮ್ಮಿಂದ ತೆಗೆದುಕೊಂಡಿರುತ್ತಾರೆ.

ಒಂದು ಕಡೆ ಹುಬ್ಬಳ್ಳಿ–ಬೆಂಗಳೂರು 200 ಮೈಲಿ ಅಂತ ಇದೆ. 1.6ರಿಂದ ಗುಣಿಸಿದರೆ 320 ಕಿ.ಮೀ. ಬರ್ತದ. ಇನ್ನೊಂದು ಕಡೆ 370 ಅಂತಾರ. ರಸ್ತೆ ಮೇಲೆ ನೋಡಿದ್ರ 400 ದಾಟತದ. ಇದರೊಳಗ ಖರೇ ಯಾವುದು?
— ನಿವೃತ್ತ ಗಣಿತ ಶಿಕ್ಷಕರು, ಧಾರವಾಡ

ಗಣಿತದ ಮೇಷ್ಟ್ರು ಗುಣಾಕಾರ ಸರಿಯಾಗಿಯೇ ಮಾಡಿದ್ದೀರಿ, ಆದರೆ ಮೈಲಿ ಬೇರೆ. ವಿಮಾನ, ಹಡಗಿನವರು ಬಳಸುವುದು ನಾಟಿಕಲ್ ಮೈಲಿ. ಒಂದಕ್ಕೆ 1.852 ಕಿ.ಮೀ. ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನಾಟಿಕಲ್ ಮೈಲಿ. ನಕಾಶೆ ಮೇಲೆ ಕಡ್ಡಿ ಇಟ್ಟು ಅಳೆಯುವವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. 200ನ್ನು 1.852ರಿಂದ ಗುಣಿಸಿ. 370 ಬಂತಲ್ವಾ?

ಇದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಭೂಮಿಯ ಮೈ ಮೇಲೆ ಎಳೆದ ನೇರ ಗೆರೆಯ ಅಳತೆ. ನಿಲ್ದಾಣದಿಂದ ನಿಲ್ದಾಣಕ್ಕೆ ಅನ್ನುವುದನ್ನು ಗಮನಿಸಿ. ಕೆಲವರು ಊರಿನ ನಡುವಿನಿಂದ ಅಳೆಯುತ್ತಾರೆ. ಹುಬ್ಬಳ್ಳಿಯದೇನೋ ಗೋಕುಲ ರೋಡಿನಲ್ಲಿ, ಊರಿಗೆ ಅಂಟಿಕೊಂಡೇ ಇದೆ. ಬೆಂಗಳೂರಿನದು ದೇವನಹಳ್ಳಿ ಹತ್ತಿರ, ಮೆಜೆಸ್ಟಿಕ್‌ನಿಂದ 35 ಕಿ.ಮೀ. ಆಚೆ. ಅಳೆಯುವವರು ಕಡ್ಡಿ ಎಲ್ಲಿಟ್ಟರು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ನಿಜವಾಗಿ ವಿಮಾನ ಓಡುವುದು 370ಕ್ಕಿಂತ ಜಾಸ್ತಿಯೇ. ಆಕಾಶದಲ್ಲೂ ದಾರಿಗಳಿವೆ. ಐದು ಅಕ್ಷರದ ಹೆಸರಿಟ್ಟ ಬಿಂದುಗಳು, ಒಂದರಿಂದ ಇನ್ನೊಂದಕ್ಕೆ ಗೆರೆಗಳು. ಮಿಲಿಟರಿಗೆ ಬಿಟ್ಟ ಜಾಗಗಳ ಒಳಗೆ ನುಗ್ಗದೆ ಸುತ್ತಿಕೊಂಡು ಹೋಗಬೇಕಾಗುತ್ತದೆ. ಬೆಂಗಳೂರಿನ ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ ಇದೆ, ದಕ್ಷಿಣಕ್ಕೆ ಎಚ್‌ಎಎಲ್ ಇದೆ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವಾಗ ದೇವನಹಳ್ಳಿಯ ವಿಮಾನಗಳನ್ನು ದಿನದ ಕೆಲವು ಗಂಟೆ ನಿಲ್ಲಿಸುವುದನ್ನು ಪೇಪರಿನಲ್ಲಿ ಓದಿರುತ್ತೀರಿ. ಇಷ್ಟೆಲ್ಲ ಇರುವಾಗ 400 ಕಿ.ಮೀ. ಹಾರಿದರೂ ಆಶ್ಚರ್ಯ ಇಲ್ಲ. ರಸ್ತೆಯ 400, ಆಕಾಶದ 400. ನಿಮ್ಮ ಕಾರಿಗೆ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಸಿಗುತ್ತವೆ, ಅಷ್ಟೇ ವ್ಯತ್ಯಾಸ.

ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬೆಂಗಳೂರಿಗೆ ಮಾಲು ತರಾಕ ಹೋಗತೀನಿ. ಒಮ್ಮೊಮ್ಮೆ ಸೀದಾ ಇಳಸ್ತಾರ. ಒಮ್ಮೊಮ್ಮೆ ಏರ್‌ಪೋರ್ಟ್ ಕಂಡ್ರೂ ಅದನ್ನ ದಾಟಿ ಮುಂದ ಹೋಗಿ, ಎಡಕ್ಕ ನಂದಿಬೆಟ್ಟ ತೋರಿಸಿ, ತಿರುಗಿ ಬಂದು ಇಳಸ್ತಾರ. ಸುಮ್ನೆ ಯಾಕ್ರೀ ಅಕ್ಕಾರ ಈ ಸುತ್ತಾಟ?
— ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಸುಮ್ನೆ ಅಲ್ಲ ಅಣ್ಣಾವ್ರೇ, ಗಾಳಿ ನೋಡಿ. ನಂದಿಬೆಟ್ಟ ಎಡಕ್ಕೆ ಕಂಡಿದ್ದನ್ನು ಬರೆದಿರಲ್ಲ, ಅಷ್ಟರಲ್ಲೇ ಉತ್ತರ ಇದೆ.

ವಿಮಾನ ಇಳಿಯುವುದೂ ಏರುವುದೂ ಗಾಳಿಗೆ ಎದುರಾಗಿಯೇ. ಎದುರು ಗಾಳಿ ಇದ್ದರೆ ನೆಲದ ಮೇಲಿನ ವೇಗ ಕಡಿಮೆ ಆಗುತ್ತದೆ, ಬೇಗ ನಿಲ್ಲಿಸಬಹುದು. ಬೆಂಗಳೂರಿನ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿ ಮಲಗಿವೆ. ಒಂದು ತುದಿಗೆ 09 ಅಂತ ಬರೆದಿರುತ್ತದೆ, ಅಂದರೆ 90 ಡಿಗ್ರಿ, ಪೂರ್ವಕ್ಕೆ ಮುಖ. ಇನ್ನೊಂದು ತುದಿಗೆ 27, ಅಂದರೆ 270 ಡಿಗ್ರಿ, ಪಶ್ಚಿಮಕ್ಕೆ ಮುಖ.

ನೀವು ಬರುವುದು ವಾಯವ್ಯದಿಂದ. ಚಳಿಗಾಲದಲ್ಲಿ ಮೂಡಣ ಗಾಳಿ ಇರುವ ದಿನ 09 ಬಳಸುತ್ತಾರೆ. ಪೂರ್ವಕ್ಕೆ ಮುಖ ಮಾಡಿ ಇಳಿಯಬೇಕು. ಪಶ್ಚಿಮದಿಂದ ಬಂದ ನಿಮಗೆ ದಾರಿ ಸೀದಾ. ಜೂನ್ ಬಂತು, ಮುಂಗಾರಿನ ಪಡುವಣ ಗಾಳಿ ಬೀಸತೊಡಗಿತು ಅಂದರೆ 27. ಈಗ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಅಂದರೆ ನಿಲ್ದಾಣವನ್ನು ಬಲಕ್ಕೆ ಬಿಟ್ಟುಕೊಂಡು ಪೂರ್ವಕ್ಕೆ ಸಾಗಬೇಕು. ನಂದಿಬೆಟ್ಟ ನಿಲ್ದಾಣಕ್ಕೆ ನೇರ ಉತ್ತರದಲ್ಲಿದೆ, ಅದಕ್ಕೇ ನಿಮ್ಮ ಎಡಗಡೆ ಕಿಟಕಿಗೆ ಬಂತು. ಆಮೇಲೆ ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ ಸೂಲಿಬೆಲೆ ದಿಕ್ಕಿನಿಂದ ವಾಪಸ್ ಬರಬೇಕು. ಹೋಗಲು ಇಪ್ಪತ್ತು, ಬರಲು ಇಪ್ಪತ್ತು ಕಿ.ಮೀ. ಹಿಡಿದರೂ ಇಳಿಯುವ ವೇಗದಲ್ಲಿ ಎಂಟು ಹತ್ತು ನಿಮಿಷ ಅಲ್ಲೇ ಹೋಯಿತು. ಸಮಾಧಾನಕ್ಕೆ ಹೇಳುತ್ತೇನೆ: ಅದೇ ದಿನ ನೀವು ಬೆಂಗಳೂರಿಂದ ಹೊರಟಿದ್ದರೆ ಪಶ್ಚಿಮಕ್ಕೇ ಏರಿ ಸೀದಾ ಹುಬ್ಬಳ್ಳಿ ದಾರಿ ಹಿಡಿಯುತ್ತಿದ್ದಿರಿ.

ಇನ್ನೊಂದು ಕಾರಣ ಪ್ರಯಾಣಿಕರಿಗೆ ಕಾಣಿಸಲ್ಲ. ನಿಮ್ಮ ಎಟಿಆರ್ ಸಾಲಿನಲ್ಲಿ ಒಂಟಿ ಅಲ್ಲ. ಹಿಂದೆ ಮುಂದೆ ಏರ್‌ಬಸ್‌ಗಳು. ಕೊನೆಯ ಹಂತದಲ್ಲಿ ಎಟಿಆರ್ 110-120 ನಾಟ್‌ನಲ್ಲಿ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಬಂದರೆ ಏರ್‌ಬಸ್ 140ರ ಹತ್ತಿರ ಇರುತ್ತದೆ. ಹಿಂದಿನದು ಬಂದು ಮೈಮೇಲೆ ಬೀಳಬಾರದಲ್ಲ. ಕಂಟ್ರೋಲರ್ ಕೂಡುವುದು ಕಳೆಯುವುದು ಮಾಡಿ ಯಾರನ್ನೋ ಒಬ್ಬರನ್ನು ಸ್ವಲ್ಪ ಸುತ್ತಿಸುತ್ತಾರೆ. ಮುಂದೆ ಬೋಯಿಂಗ್ 777 ತರಹದ ಭಾರೀ ವಿಮಾನ ಇದ್ದರಂತೂ ಹಿಂದಿನ ಚಿಕ್ಕದು 5 ನಾಟಿಕಲ್ ಮೈಲಿ, ಅಂದರೆ 9 ಕಿ.ಮೀ. ಬಿಟ್ಟೇ ಬರಬೇಕು. ದೊಡ್ಡ ರೆಕ್ಕೆಯ ತುದಿಯಿಂದ ಸುಳಿಗಾಳಿ ಏಳುತ್ತದೆ, ಅದರಲ್ಲಿ ಎಟಿಆರ್ ಹೊಯ್ದಾಡಿಬಿಡುತ್ತದೆ. ಆ ಕುರ್ಚಿಯಲ್ಲಿ ಕೂತವರು ಎಷ್ಟೋ ಸಲ ಚಿಕ್ಕ ಊರಿನ ವಿಮಾನವನ್ನೇ ಸುತ್ತಿಸುತ್ತಾರೆ ಅಂತ ನಿಮಗೆ ಅನುಮಾನ ಇರಬಹುದು. ಊರು ನೋಡಿ ಅಲ್ಲ, ವೇಗ ನೋಡಿ. ಇಷ್ಟು ಹೇಳಿದರೂ ನೀವು ನಂಬಲ್ಲ ಅಂತ ಗೊತ್ತು.

ಹುಬ್ಬಳ್ಳಿಯಲ್ಲೂ ಏರ್‌ಪೋರ್ಟ್ ಇದೆ, ನಮ್ಮ ಸಾಂಬ್ರಾದಲ್ಲೂ ಇದೆ. ಎರಡರ ಮಧ್ಯೆ ವಿಮಾನ ಯಾಕಿಲ್ಲ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಎರಡರ ನಡುವೆ ನೇರ ಗೆರೆ 75 ಕಿ.ಮೀ. ಮೇಲಿನ ಉತ್ತರದಲ್ಲಿ ಏರಲು 70, ಇಳಿಯಲು 70 ಅಂದಿದ್ದೇನೆ. ಅಟ್ಟ ಹತ್ತಿ ಅಲ್ಲಿಂದಲೇ ಇಳಿದ ಹಾಗೆ ಆಗುತ್ತದೆ. ಎಂಜಿನ್ನಿಗೆ ಇಂಧನ ಜಾಸ್ತಿ ಬೇಕಾಗುವುದೇ ಏರುವಾಗ. ಅಷ್ಟು ಖರ್ಚು ಮಾಡಿ, ಕಾಲು ಗಂಟೆ ಹಾರಲು, ನೀವು ಒಂದೂವರೆ ಗಂಟೆ ಮೊದಲು ನಿಲ್ದಾಣಕ್ಕೆ ಬಂದು ಬೆಲ್ಟು ಬಿಚ್ಚಿ ತಪಾಸಣೆಗೆ ನಿಲ್ಲಬೇಕು. ಅಷ್ಟೊತ್ತಿಗೆ ಹೈವೇ ಬಸ್ ನಿಮ್ಮನ್ನು ಹುಬ್ಬಳ್ಳಿಯಲ್ಲಿ ಇಳಿಸಿರುತ್ತದೆ.

ಅಮ್ಮನಿಗೆ ಮಂಡಿ ನೋವು. ಬೆಂಗಳೂರಿನ ಆಸ್ಪತ್ರೆಗೆ ತೋರಿಸಬೇಕು. ಶಿವಮೊಗ್ಗದಿಂದ ವಿಮಾನದಲ್ಲಿ ಬಂದರೆ ಬೇಗ ಆಗುತ್ತೆ ಅಂತ ಅಣ್ಣ ಹೇಳ್ತಾನೆ. ಬೆಳಗಿನ ಜನಶತಾಬ್ದಿ ರೈಲೇ ವಾಸಿ ಅಂತ ನಾನು. ನೀವು ಏನಂತೀರಿ ಅಕ್ಕ?
— ಗೃಹಿಣಿ, ವಿನೋಬನಗರ, ಶಿವಮೊಗ್ಗ

ಮನೆ ಬಾಗಿಲಿಂದ ಆಸ್ಪತ್ರೆ ಬಾಗಿಲಿಗೆ ಲೆಕ್ಕ ಹಾಕೋಣ ತಂಗಿ. ಮನೆಯಿಂದ ಸೋಗಾನೆ ನಿಲ್ದಾಣಕ್ಕೆ ಅರ್ಧ ಗಂಟೆ. ಬ್ಯಾಗ್ ಕೊಡುವ ಕೌಂಟರನ್ನು ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ಹಾಗಾಗಿ ಒಂದೂಕಾಲು ಗಂಟೆ ಮೊದಲಾದರೂ ಅಲ್ಲಿರಬೇಕು. ಟಿಕೆಟ್‌ನ ಒಂದೂಕಾಲು ಗಂಟೆ. ಇಳಿದು, ಬಸ್ಸಿನಲ್ಲಿ ಟರ್ಮಿನಲ್‌ಗೆ ಬಂದು, ಬ್ಯಾಗ್ ಹಿಡಿಯಲು ಅರ್ಧ ಗಂಟೆ. ಅಲ್ಲಿಂದ ಜಯನಗರದ ಕಡೆ ಆಸ್ಪತ್ರೆ ಆದರೆ ಟ್ಯಾಕ್ಸಿಯಲ್ಲೋ ವಾಯುವಜ್ರ ಬಸ್ಸಿನಲ್ಲೋ ಒಂದೂವರೆ ಗಂಟೆ, ಟ್ರಾಫಿಕ್ ಕೈಕೊಟ್ಟರೆ ಎರಡು. ಒಟ್ಟು ಐದು ಗಂಟೆ. ನಿಮ್ಮ ಜನಶತಾಬ್ದಿ ಐದು ಗಂಟೆಯೊಳಗೆ ಮೆಜೆಸ್ಟಿಕ್‌ನಲ್ಲಿ ಇಳಿಸುತ್ತದೆ.

ಹಾಗಾಗಿ ನನ್ನ ಮತ ನಿಮ್ಮ ಕಡೆಗೆ. ಆದರೆ ಆಸ್ಪತ್ರೆ ಹೆಬ್ಬಾಳದ ಈಚೆಗೋ ಯಲಹಂಕದಲ್ಲೋ ಇದ್ದರೆ ಅಣ್ಣನೇ ಗೆದ್ದ. ಅಲ್ಲಿಗೆ ನಿಲ್ದಾಣದಿಂದ ಅರ್ಧ ಮುಕ್ಕಾಲು ಗಂಟೆ ಸಾಕು.

ಮಂಡಿ ನೋವು ಅಂದಿರಿ. ಎಟಿಆರ್‌ಗೆ ಹಿಂದಿನ ಬಾಗಿಲಿಂದ ಹತ್ತಬೇಕು. ಆ ಬಾಗಿಲೇ ತೆರೆದು ಮೆಟ್ಟಿಲಾಗುತ್ತದೆ. ನಾಲ್ಕೈದು ಮೆಟ್ಟಿಲು, ಕಿರಿದು, ಕೈಪಟ್ಟಿ ತೆಳು. ದೊಡ್ಡ ನಿಲ್ದಾಣದಲ್ಲಿ ಜೆಟ್‌ಗಳಿಗೆ ಹಚ್ಚುವ ಸೇತುವೆ ಇದಕ್ಕೆ ಸಾಮಾನ್ಯವಾಗಿ ಸಿಗಲ್ಲ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕು ಅಂತ ಗುರುತು ಹಾಕಿ, ಮೆಟ್ಟಿಲು ಹತ್ತಲು ಆಗಲ್ಲ ಅನ್ನುವುದನ್ನೂ ಸ್ಪಷ್ಟವಾಗಿ ಹೇಳಿ. ಎರಡು ಬೇರೆ ಬೇರೆ ವಿಷಯ ಅವು. ಗೇಟಿನ ಹತ್ತಿರ ಹೋಗಿ ಹೇಳಿದರೆ ಹುಡುಗರು ಓಡಾಡುತ್ತಾರೆ, ಅಮ್ಮ ಬಿಸಿಲಲ್ಲಿ ಕಾಯುತ್ತಾರೆ.

ಟಿಕೆಟ್ ಮಾಡಿದರೆ ಬೆಳಗಿನ ವಿಮಾನಕ್ಕೇ ಮಾಡಿ. ಒಂದೇ ಎಟಿಆರ್ ದಿನಪೂರ್ತಿ ಈ ಊರು, ಆ ಊರು ಅಂತ ಸುತ್ತುತ್ತದೆ. ಪ್ರತಿ ಕಡೆ ನಿಲ್ಲುವುದು ಅರ್ಧ ಗಂಟೆಯಷ್ಟೇ. ಬೆಳಿಗ್ಗೆ ಎಲ್ಲೋ ಆದ ತಡ ಸಂಜೆವರೆಗೂ ಬೆನ್ನು ಬಿಡಲ್ಲ. ಚಳಿಗಾಲದಲ್ಲಿ ಮಾತ್ರ ಸೂರ್ಯ ಏರಿದ ಮೇಲಿನದು ನೋಡಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿ ಮಂಜಿನಲ್ಲಿ ಮುಚ್ಚಿಹೋಗುತ್ತದೆ.

ಮಂಗಳೂರಿನ ಮೇಲೆ ಮಳೆಯಲ್ಲಿ ಮೂರ್ನಾಲ್ಕು ಸುತ್ತು ಹಾಕಿ ನಮ್ಮನ್ನು ವಾಪಸ್ ಬೆಂಗಳೂರಿಗೇ ತಂದು ಬಿಟ್ಟರು. ಇಂಧನ ಖಾಲಿಯಾದರೆ ಏನು ಗತಿ ಅಂತ ನನಗೆ ಜೀವವೇ ಹೋಗಿತ್ತು. ಅಷ್ಟು ಹತ್ತಿರದ ದಾರಿಗೆ ಎಷ್ಟು ಇಂಧನ ಹಾಕ್ತಾರೆ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಬೆಂಗಳೂರಿಂದ ಮಂಗಳೂರಿಗೆ ನೇರ ಗೆರೆ 305 ಕಿ.ಮೀ. ಚಿಲ್ಲರೆ. ಇಂಧನ ಮಾತ್ರ ಅಷ್ಟಕ್ಕೇ ಹಾಕಲ್ಲ. ಮಂಗಳೂರಿಗೆ ಹೋಗಲು ಎಷ್ಟು ಬೇಕೋ ಅಷ್ಟು. ಅಲ್ಲಿ ಇಳಿಯಲಾಗದೆ ಬೇರೆ ನಿಲ್ದಾಣಕ್ಕೆ ಹೋಗಬೇಕಾದರೆ ಅದಕ್ಕೆ ಬೇಕಾದಷ್ಟು. ಅದರ ಮೇಲೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು. ಈ 30 ನಿಮಿಷದ್ದನ್ನು ಮುಟ್ಟಬೇಕಾದ ಪರಿಸ್ಥಿತಿ ಬಂದರೆ ಪೈಲಟ್ ಅದನ್ನು ತುರ್ತು ಪರಿಸ್ಥಿತಿ ಅಂತಲೇ ಸಾರಬೇಕು. ಇವಲ್ಲದೆ ಕ್ಯಾಪ್ಟನ್ ತನ್ನ ಅನುಭವದ ಮೇಲೆ ಇನ್ನಷ್ಟು ಕೇಳಬಹುದು. ಜೂನ್ ಜುಲೈನಲ್ಲಿ ಬಜಪೆಗೆ ಹೋಗುವವರು ಕೇಳಿಯೇ ಕೇಳುತ್ತಾರೆ. ಬೆಟ್ಟದ ತಲೆ ಸವರಿ ಮಾಡಿದ ರನ್‌ವೇ ಅದು, ಆಚೆ ಈಚೆ ಕಣಿವೆ. ಮಳೆಯಲ್ಲಿ ದೀಪ ಕಾಣದಿದ್ದರೆ ಇಳಿಯದೆ ಮೇಲೇಳುವುದೇ ಸರಿ. ವಾಪಸ್ ಕರೆತಂದ ಕ್ಯಾಪ್ಟನ್‌ಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ.

ಉಡಾನ್‌ನಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿ ಅಂದಿದ್ದರು. ಈಗ ನೋಡಿದರೆ ಅದರ ಡಬಲ್ ಕೇಳ್ತಾರೆ. ಯಾರ ಒಂದು ಗಂಟೆ ಅದು?
— ಹೋಟೆಲ್ ಮಾಲೀಕರು, ಕಲಬುರಗಿ

ಉಡಾನ್ ಅಂದರೆ ಚಿಕ್ಕ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ಓಡಿಸುವ ಕೇಂದ್ರ ಸರ್ಕಾರದ ಯೋಜನೆ. ಅದರ ಲೆಕ್ಕದಲ್ಲಿ ‘ಒಂದು ಗಂಟೆ’ ಅಂದರೆ ಸುಮಾರು 500 ಕಿ.ಮೀ. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ವಿಮಾನದಿಂದ ಅದು ಶುರುವಾದಾಗ ಹೇಳಿದ್ದು ಆ ದರ. ಆಗಲೂ ವಿಮಾನದ ಎಲ್ಲ ಸೀಟಿಗೆ ಅಲ್ಲ, ಅರ್ಧದಷ್ಟಕ್ಕೆ ಮಾತ್ರ. ಉಳಿದವು ಮಾರುಕಟ್ಟೆ ದರ. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುವುದು ಒಂದು ದಾರಿಗೆ 3 ವರ್ಷ. ಅಷ್ಟರೊಳಗೆ ಜನ ತುಂಬಿದರೆ ವಿಮಾನ ಉಳಿಯುತ್ತದೆ, ದರ ಏರುತ್ತದೆ. ತುಂಬದಿದ್ದರೆ ವಿಮಾನವೇ ಹೋಗುತ್ತದೆ. ನಮ್ಮ ಎಷ್ಟೋ ಊರಿನ ನಿಲ್ದಾಣಗಳಲ್ಲಿ ಬೋರ್ಡು ಹೊಳೆಯುತ್ತಾ ಕೌಂಟರ್ ಖಾಲಿ ಇರುವುದು ಹೀಗೆ.

ಕಲಬುರಗಿಯವರು ಈ ವಿಷಯದಲ್ಲಿ ಪುಣ್ಯವಂತರು ಅಂತ ನನ್ನ ಅನಿಸಿಕೆ. 2019ರ ನವೆಂಬರ್‌ನಲ್ಲಿ ನಿಮ್ಮ ನಿಲ್ದಾಣ ಶುರುವಾಯಿತು. ಬೆಂಗಳೂರಿಗೆ ನೇರ ಗೆರೆ 460 ಕಿ.ಮೀ. ವಿಮಾನ ಓಡುತ್ತಿದ್ದರೆ, ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿದರೂ ಐದು ಗಂಟೆಗೆ ಮುಗಿಯುತ್ತದೆ. ರೈಲಿನಲ್ಲಿ ಒಂದು ರಾತ್ರಿಯೋ, ಹಗಲಿನ ಬಹುಪಾಲೋ ಬೇಕು. ತುದಿಗಳ ಖರ್ಚು ಶಿವಮೊಗ್ಗದವರಿಗೂ ನಿಮಗೂ ಒಂದೇ. ಮಧ್ಯದಲ್ಲಿ ಉಳಿತಾಯ ನಿಮಗೆ ಮಾತ್ರ. ಮೈಸೂರಿನವರಿಗೆ ಇದು ತಿರುಗಾಮುರುಗಾ. ಮಂಡಕಳ್ಳಿಯಿಂದ ಬೆಂಗಳೂರಿಗೆ 156 ಕಿ.ಮೀ. ಹಾರಿ ದೇವನಹಳ್ಳಿಯಲ್ಲಿ ಇಳಿದು ಮತ್ತೆ ಊರೊಳಗೆ ಬರುವುದಕ್ಕಿಂತ ಮನೆ ಮುಂದೆ ಕಾರು ಹತ್ತಿದರೆ ಆಯ್ತು. ಬೆಂಗಳೂರಿನಿಂದ ಇನ್ನೊಂದು ವಿಮಾನ ಹಿಡಿಯುವವರಿಗೆ ಮಾತ್ರ ಅದರ ಉಪಯೋಗ.

ಮಗ ದುಬೈನಲ್ಲಿದ್ದಾನೆ. ಮಂಗಳೂರಿಂದ ಹೋಗುವಾಗ ಎರಡೂವರೆ ಗಂಟೆಯಲ್ಲೇ ಮುಟ್ಟುತ್ತಾನೆ, ಬರುವಾಗ ಐದು ಗಂಟೆ. ಗಾಳಿಯ ದೆಸೆಯಿಂದಲಾ?
— ಹಿರಿಯ ಓದುಗರು, ಬಂಟ್ವಾಳ

ಗಾಳಿಯದು ಅಲ್ಪ ಪಾತ್ರ ಅಮ್ಮ, ಗಡಿಯಾರದ್ದೇ ಎಲ್ಲ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಹೊರಡುವುದು ಹೊರಡುವ ಊರಿನ ಸಮಯ, ಮುಟ್ಟುವುದು ಮುಟ್ಟುವ ಊರಿನ ಸಮಯ. ಹೋಗುವಾಗ ಒಂದೂವರೆ ಗಂಟೆ ಕೂಡಿ, ಬರುವಾಗ ಕಳೆಯಿರಿ. ಎರಡೂ ಕಡೆ ಮೂರೂವರೆ, ನಾಲ್ಕು ಗಂಟೆಯೇ ಬರುತ್ತದೆ.

ಯಾವುದೇ ಎರಡು ಊರಿನ ವಿಮಾನ ಸಮಯ ನಾನೇ ಲೆಕ್ಕ ಹಾಕೋದು ಹೇಗೆ? ಪ್ರಪಂಚದಲ್ಲಿ ಎಲ್ಲಕ್ಕಿಂತ ಚಿಕ್ಕ ವಿಮಾನ ಪ್ರಯಾಣ ಯಾವುದು?
— 7ನೇ ತರಗತಿ ವಿದ್ಯಾರ್ಥಿನಿ, ದಾವಣಗೆರೆ

ಪುಟ್ಟಿ, ಎಟಿಆರ್‌ಗೆ ಸುಲಭದ ಲೆಕ್ಕ ಒಂದಿದೆ. ಕಿ.ಮೀ.ಯನ್ನು 8ರಿಂದ ಭಾಗಿಸು, 30 ಕೂಡು. ಬಂದದ್ದು ನಿಮಿಷ. ಹುಬ್ಬಳ್ಳಿಗೆ 370 ಭಾಗ 8 ಅಂದರೆ 46, ಅದಕ್ಕೆ 30 ಸೇರಿ 76. ಟಿಕೆಟ್ ನೋಡಿ ಹೋಲಿಸಿಕೋ. ಶಿವಮೊಗ್ಗಕ್ಕೆ ಮಾಡಿದರೆ 60 ಬರುತ್ತದೆ. ಟಿಕೆಟ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದು ಕಂಪನಿಯವರು ಇಟ್ಟುಕೊಂಡ ಸಡಿಲ. ಏರ್‌ಬಸ್‌ನಂಥ ಜೆಟ್ ಆದರೆ 13ರಿಂದ ಭಾಗಿಸಿ 35 ಕೂಡು. ಹುಬ್ಬಳ್ಳಿಗೆ 63 ಬರುತ್ತದೆ. ಜೆಟ್ ಗಂಟೆಗೆ 800 ಕಿ.ಮೀ. ಓಡಿದರೂ ಇಷ್ಟು ಹತ್ತಿರಕ್ಕೆ ಹತ್ತು ಹದಿಮೂರು ನಿಮಿಷವಷ್ಟೇ ಉಳಿಸುತ್ತದೆ, ನೋಡಿದೆಯಾ?

ಈ ಲೆಕ್ಕಕ್ಕೆ ಸಿಗದ ಒಂದು ಪ್ರಯಾಣ ಇದೆ. ಅದೇ ನಿನ್ನ ಎರಡನೇ ಪ್ರಶ್ನೆಗೆ ಉತ್ತರ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅನ್ನುವ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ದ್ವೀಪಕ್ಕೆ ಲೋಗನ್ಏರ್ ಕಂಪನಿ 1967ರಿಂದ ಪುಟ್ಟ ವಿಮಾನ ಓಡಿಸಿಕೊಂಡು ಬಂದಿದೆ. ದೂರ ಬರೀ 2.7 ಕಿ.ಮೀ. ವೇಳಾಪಟ್ಟಿಯಲ್ಲೇ ಎರಡು ನಿಮಿಷ ಅಂತ ಬರೆದಿರುತ್ತದೆ. ಗಾಳಿ ಚೆನ್ನಾಗಿದ್ದ ಒಂದು ದಿನ 53 ಸೆಕೆಂಡಿನಲ್ಲಿ ಹಾರಿ ಮುಗಿಸಿದ ದಾಖಲೆಯೂ ಇದೆ. ಅಲ್ಲಿನ ಮೇಷ್ಟ್ರುಗಳು, ಡಾಕ್ಟರುಗಳು ಅದರಲ್ಲೇ ಓಡಾಡುತ್ತಾರೆ. ನಮ್ಮ ಶಿವಮೊಗ್ಗದ ರನ್‌ವೇ ಉದ್ದವೇ 3.2 ಕಿ.ಮೀ. ಅವರ ಇಡೀ ಪ್ರಯಾಣ ಅದರೊಳಗೆ ಮುಗಿದು ಇನ್ನೂ ಅರ್ಧ ಕಿ.ಮೀ. ಉಳಿಯುತ್ತದೆ!

ದಾವಣಗೆರೆಗೆ ವಿಮಾನ ಯಾವಾಗ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಅದು ನನ್ನ ಕೈಯಲ್ಲಿಲ್ಲ. ನಿಮ್ಮೂರಿಂದ ಶಿವಮೊಗ್ಗ ನಿಲ್ದಾಣಕ್ಕೆ ನೇರ ಗೆರೆ ಸುಮಾರು 75, ಹುಬ್ಬಳ್ಳಿಗೆ ಸುಮಾರು 135 ಕಿ.ಮೀ. ಬೆಂಗಳೂರಿಗೆ ಹೋಗಬೇಕಾದರೆ ಎರಡೂ ಬೇಡ, ರೈಲು ಹತ್ತು. ಕಿಟಕಿ ಪಕ್ಕ ಕೂತು ಕಿಲೋಮೀಟರ್ ಕಲ್ಲು ಎಣಿಸುತ್ತಾ ಮೇಲಿನ ಲೆಕ್ಕವನ್ನು ರೈಲಿಗೂ ಮಾಡಿ ನೋಡು. ಯಾವುದರಿಂದ ಭಾಗಿಸಬೇಕು ಅಂತ ನನಗೆ ಬರೆದು ಕಳಿಸು.